ನಿನ್ನ ಕಥೆಯ ಆರ್ಕ್ ಕೇರಿ

ಚಿತ್ರದುರ್ಗ
ಭಾನುವಾರ

ಪ್ರೀತಿಯ ಮಗಳೇ,

ನೀನು ಕಳಿಸಿದ ಕಥೆ, ನಿಯಮದ ಹಾಳೆ ಎಲ್ಲ ಓದಿದೆ. ಎಲ್ಲೆಲ್ಲೋ ಇರುವ ಹುಡುಗ ಹುಡುಗಿಯರು ರಾತ್ರಿ ಆನ್‌ಲೈನ್‌ನಲ್ಲಿ ಸೇರಿ ಒಂದೇ ಕಥೆ ಕಟ್ಟುತ್ತೀರಲ್ಲ, ಅದಕ್ಕೆ ನೀನೇ ಗೇಮ್ ಮಾಸ್ಟರ್, ಅಂದರೆ ಆಟ ನಡೆಸುವವಳು ಅಂತ ಕೇಳಿ ಖುಷಿಯಾಯಿತು. ಕಟ್ಟುಕಥೆಯ ಚೂಪು ಕಿವಿಯ ಎಲ್ಫ್‌ಗಳ ಊರು, ಊರಾಚೆ ಒರಟು ಮೈಯ ಆರ್ಕ್‌ಗಳ ಕೇರಿ. ಓದುತ್ತಿದ್ದಂತೆ ಇದನ್ನು ನೀನು ನಮ್ಮ ಊರಿನ ಜಾತಿ ಭೇದದಿಂದಲೇ ತಂದಿದ್ದೀಯ ಅಂತ ಗೊತ್ತಾಯಿತು. ಗುಂಪಿನ ಹುಡುಗನೊಬ್ಬ "ಮಜಾ ಮಾಡೋಕೆ ಬಂದಿರೋದು, ಇದೆಲ್ಲ ಯಾಕೆ" ಅಂದನಂತೆ. ಆಟದಲ್ಲಿ ಇಂಥ ಭೇದಭಾವ ತರಲಾ, ಬೇಡ್ವಾ ಅಂತ ನೀನು ಕೇಳಿದ್ದೀಯ.

ತಾ. ಆದರೆ ಈಗ ಬರೆದಿರುವ ಹಾಗೆ ಬೇಡ.

ನಿನ್ನ ಕಥೆಯಲ್ಲಿ ಆರ್ಕ್‌ಗಳನ್ನು ಕೀಳಾಗಿ ನೋಡುವವರೆಲ್ಲ ಕೆಟ್ಟವರೇ. ಕುಡುಕ ಕಾವಲುಗಾರ ಬೈಯುತ್ತಾನೆ, ಉಗುಳುತ್ತಾನೆ. ಒಳ್ಳೆಯ ಎಲ್ಫ್‌ಗಳು ಯಾರೂ ಹಾಗೆ ಮಾಡುವುದಿಲ್ಲ. ನಾನು ಕಂಡಿದ್ದು ಬೇರೆ. ನೀನು ಕೈಗೂಸಾಗಿದ್ದಾಗ ನಾನೂ ನಿಮ್ಮಪ್ಪನೂ ದಾವಣಗೆರೆಯಲ್ಲಿ ಬಾಡಿಗೆ ಮನೆ ಹುಡುಕಿದೆವು. ಯಾರೂ ನಮ್ಮನ್ನು ಬೈಯಲಿಲ್ಲ. ಒಬ್ಬ ಯಜಮಾನಿ ನಮ್ಮನ್ನು ಕೂರಿಸಿ, ಫ್ಯಾನ್ ಹಾಕಿ, ನಿನ್ನನ್ನು ಎತ್ತಿಕೊಂಡು ಮುದ್ದು ಮಾಡಿದರು. ಬಾಡಿಗೆ, ಅಡ್ವಾನ್ಸ್ ಎಲ್ಲ ಮಾತಾಯಿತು. ಕೊನೆಗೆ "ನೀವು ಯಾವ ಪೈಕಿ?" ಅಂದರು. ಅಪ್ಪ ಹೇಳಿದರು. "ಹೌದಾ, ನಮ್ಮನೆಯವರನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ" ಅಂದರು. ಫೋನ್ ಬರಲಿಲ್ಲ. ಆಮೇಲೂ ಅವರು ಮಾರ್ಕೆಟ್‌ನಲ್ಲಿ ಸಿಕ್ಕಾಗ ನಗುತ್ತಲೇ ಮಾತಾಡಿಸುತ್ತಿದ್ದರು. ಆ ಹೆಂಗಸನ್ನು ನಿನ್ನ ಎಲ್ಫ್ ಊರಿನಲ್ಲಿ ಇಡು. ಕಾವಲುಗಾರ ಬೇಕಾಗಿಲ್ಲ.

2019ರಲ್ಲಿ ನಡೆದದ್ದು ನಿನಗೂ ನೆನಪಿರಬೇಕು. ನಮ್ಮ ಚಿತ್ರದುರ್ಗದ ಸಂಸದರನ್ನೇ ಪಾವಗಡ ತಾಲ್ಲೂಕಿನ ಒಂದು ಹಟ್ಟಿಯೊಳಗೆ ಬಿಡಲಿಲ್ಲ. ಅವರು ದಲಿತರು ಅನ್ನುವುದೇ ಕಾರಣ. ಊರಿಗೆ ಏನು ಸೌಕರ್ಯ ಬೇಕು ಅಂತ ನೋಡಲು ಹೋದವರು ಹೊರಗಿನಿಂದಲೇ ವಾಪಸ್ ಬಂದರು. ತಡೆದವರು ಅದನ್ನು ದ್ವೇಷ ಅಂದುಕೊಳ್ಳಲಿಲ್ಲ, ಹಿಂದಿನಿಂದ ಬಂದ ಕಟ್ಟುಪಾಡು ಅಂದುಕೊಂಡರು. ಆ ಹಟ್ಟಿಯವರೂ ಶ್ರೀಮಂತರಲ್ಲ, ತಾವೂ ತಾತ್ಸಾರ ಉಂಡವರೇ. ಅಂಬೇಡ್ಕರ್ ಇದನ್ನೇ ಶ್ರೇಣೀಕೃತ ಅಸಮಾನತೆ ಅಂದರು. ಮೇಲಿನವರು ತುಳಿದರೂ, ಕಟ್ಟಕಡೆಯವರನ್ನು ಬಿಟ್ಟು ಪ್ರತಿಯೊಬ್ಬರಿಗೂ ತುಳಿಯಲು ಕೆಳಗೆ ಇನ್ನೊಬ್ಬರು ಇರುತ್ತಾರೆ.

ನೀನು ಆಡುತ್ತಿದ್ದ ಸ್ಕೈರಿಮ್ ಅನ್ನೋ ವಿಡಿಯೋ ಗೇಮ್‌ನಲ್ಲೂ ಇದು ಇದೆ, ಅಲ್ವಾ? ಪಕ್ಕದಲ್ಲಿ ಕೂತು ನಾನೂ ನೋಡುತ್ತಿದ್ದೆ. 2011ರ ಆಟ. ವಿಂಡ್‌ಹೆಲ್ಮ್ ಅನ್ನೋ ಊರಲ್ಲಿ ನಾರ್ಡ್ ಅನ್ನೋ ಮನುಷ್ಯ ಕುಲದವರದ್ದೇ ಯಜಮಾನಿಕೆ. ಡಾರ್ಕ್ ಎಲ್ಫ್‌ಗಳಿಗೆ ಗ್ರೇ ಕ್ವಾರ್ಟರ್ ಅನ್ನೋ ಪಾಳುಬಿದ್ದ ಓಣಿ. ಬೆಂಕಿಪರ್ವತ ಸಿಡಿದು ಅವರು ತಾಯ್ನಾಡು ಬಿಟ್ಟು ಇನ್ನೂರು ವರ್ಷ ಆಗುತ್ತಾ ಬಂದರೂ ಊರಿನವರ ಲೆಕ್ಕದಲ್ಲಿ ಇನ್ನೂ ನಿರಾಶ್ರಿತರೇ. ಹಲ್ಲಿಮೈಯ ಆರ್ಗೋನಿಯನ್‌ಗಳಿಗೆ ಅದೂ ಇಲ್ಲ. ಅವರು ಕೋಟೆಗೋಡೆಯ ಆಚೆ, ಬಂದರಿನಲ್ಲೇ ಮಲಗಬೇಕು. ಹಮಾಲಿ ಕೆಲಸಕ್ಕೆ ನಾರ್ಡ್‌ಗೆ ಸಿಗುವ ಕೂಲಿಯಲ್ಲಿ ಹತ್ತರಲ್ಲೊಂದು ಪಾಲು. ಇಷ್ಟೆಲ್ಲ ಅನುಭವಿಸುವ ಡಾರ್ಕ್ ಎಲ್ಫ್‌ಗಳು ತಮ್ಮ ನಾಡಿನಲ್ಲಿ ಇದೇ ಆರ್ಗೋನಿಯನ್‌ಗಳನ್ನು ಗುಲಾಮರಾಗಿ ಇಟ್ಟುಕೊಂಡಿದ್ದವರು. ಕಥೆ ಬರೆದವರಿಗೆ ಕೂಲಿ, ಗೋಡೆ, ಮಲಗುವ ಜಾಗ ಎಲ್ಲ ಮುಖ್ಯ ಅನ್ನಿಸಿದೆ. ನನಗೆ ಅದು ತುಂಬಾ ಹಿಡಿಸಿತು. ನಿನ್ನ ಆರ್ಕ್‌ಗಳು ನೀರು ಎಲ್ಲಿಂದ ತರುತ್ತಾರೆ? ಎಲ್ಫ್ ಹೋಟೆಲ್‌ನಲ್ಲಿ ಅವರಿಗೆ ಯಾವ ಲೋಟ? ನಿಮ್ಮ ತಾತ ತೆಂಗಿನ ಚಿಪ್ಪಿನಲ್ಲಿ ಟೀ ಕುಡಿದು, ಅದನ್ನು ತಾವೇ ತೊಳೆದು, ಹೋಟೆಲಿನ ಹಿಂದಿನ ಗೋಡೆಗೆ ಸಿಕ್ಕಿಸಿ ಬರುತ್ತಿದ್ದರು. ಅಲ್ಲಿ ಯಾರೂ ಜಗಳ ಮಾಡುತ್ತಿರಲಿಲ್ಲ.

ನಿಯಮದ ಹಾಳೆಯಲ್ಲಿ ಒಂದು ಸಾಲನ್ನು ಮಾತ್ರ ದಯವಿಟ್ಟು ತೆಗೆದುಹಾಕು. ಆರ್ಕ್ ಆಗಿ ಹುಟ್ಟಿದರೆ ಬುದ್ಧಿಯಲ್ಲಿ ಎರಡು ಅಂಕ ಕಡಿಮೆ ಅಂತ ಹಾಕಿದ್ದೀಯ. ಇದು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಪಾತ್ರ ಕಟ್ಟಿ ಕಥೆ ಆಡುವ ಆಟದ ಹಳೆಯ ನಿಯಮದ್ದು ಅಂತ ನನಗೆ ಗೊತ್ತು. 1974ರಲ್ಲಿ ಶುರುವಾದ ಆ ಆಟದ 2000ದ ಆವೃತ್ತಿಯಲ್ಲಿ ಹಾಫ್-ಆರ್ಕ್‌ಗೆ, ಅಂದರೆ ಅರ್ಧ ಆರ್ಕ್ ಅರ್ಧ ಮನುಷ್ಯರಿಗೆ, ಶಕ್ತಿ ಎರಡು ಜಾಸ್ತಿ, ಬುದ್ಧಿ ಎರಡು ಕಡಿಮೆ. ಈ ಒಂದು ಸಾಲು ನಿನ್ನ ಇಡೀ ಕಥೆಯನ್ನು ಸುಳ್ಳು ಮಾಡುತ್ತದೆ. ಆರ್ಕ್‌ಗಳು ದಡ್ಡರು ಅಂತ ಎಲ್ಫ್ ಹೇಳಿದರೆ ಅದು ಪೂರ್ವಗ್ರಹ. ಆಟದ ನಿಯಮವೇ ಹೇಳಿದರೆ ಎಲ್ಫ್ ಹೇಳಿದ್ದು ನಿಜ ಅಂತಾಯಿತು. ಆಮೇಲೆ ನೀನು ಎಷ್ಟು ಮರುಗಿ ಬರೆದರೂ ಆಡುವವರ ಮನಸ್ಸಿನಲ್ಲಿ ಅದೇ ಉಳಿಯುತ್ತದೆ. ಹುಟ್ಟಿನಿಂದಲೇ ಇವರು ಇಷ್ಟೇ ಅನ್ನೋ ಮಾತನ್ನು ನಮ್ಮ ಮನೆಯಲ್ಲಿ ಎಷ್ಟು ತಲೆಮಾರು ಕೇಳಿದ್ದೇವೆ! ಆ ಆಟದವರೂ 2020ರಿಂದ ಬದಲಾಯಿಸುತ್ತಾ ಬಂದರು. 2024ರ ಹೊಸ ಪುಸ್ತಕದಲ್ಲಿ ಆ ಅಂಕಗಳು ಹುಟ್ಟಿನಿಂದ ಬರುವುದಿಲ್ಲ. ಪಾತ್ರ ಮೊದಲು ಏನು ಮಾಡುತ್ತಿತ್ತು, ರೈತನಾ, ಸಿಪಾಯಿಯಾ, ಅದರಿಂದ ಬರುತ್ತವೆ.

ಇನ್ನು ನಿನ್ನ ಕೊನೆಯ ಅಧ್ಯಾಯ. ಆರ್ಕ್ ಹುಡುಗಿ ಡ್ರ್ಯಾಗನ್‌ನಿಂದ ಊರನ್ನು ಉಳಿಸುತ್ತಾಳೆ. ಎಲ್ಫ್‌ಗಳು ಅತ್ತು ಅವಳನ್ನು ಅಪ್ಪಿಕೊಳ್ಳುತ್ತಾರೆ. ಕೇರಿಯ ಬಾಗಿಲು ತೆರೆಯುತ್ತದೆ. ನೀನು ಇದೇ ಊರಲ್ಲಿ ಬೆಳೆದವಳು ಮಗಳೇ. ಕೋಟೆ ಹತ್ತಿದಾಗಲೆಲ್ಲ ಓಬವ್ವನ ಕಿಂಡಿಯ ಹತ್ತಿರ ನಿಂತು ಬಂದಿದ್ದೇವೆ. ಹೈದರಾಲಿಯ ಸೈನಿಕರು ಆ ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರುವಾಗ ಒನಕೆ ಹಿಡಿದು ನಿಂತವಳು ಒಬ್ಬ ಕಾವಲುಗಾರನ ಹೆಂಡತಿ, ಛಲವಾದಿ ಅನ್ನೋ ದಲಿತ ಜಾತಿಯ ಹೆಣ್ಣುಮಗಳು. ಇವತ್ತು ಅವಳ ಹೆಸರಲ್ಲಿ ಸ್ಟೇಡಿಯಂ ಇದೆ, 2021ರಿಂದ ಸರ್ಕಾರ ನವೆಂಬರ್ 11ಕ್ಕೆ ಜಯಂತಿ ಮಾಡುತ್ತಿದೆ. ನನಗೂ ಅವಳ ಹೆಸರು ಕೇಳಿದರೆ ಎದೆ ಉಬ್ಬುತ್ತದೆ. ಆದರೆ ಕೋಟೆ ಉಳಿಸಲು ನಿಂತ ಅವಳ ಜನಕ್ಕೆ ಆಮೇಲೂ ಊರಾಚೆಯೇ ಮನೆ, ಬೇರೆಯೇ ಲೋಟ. ಅವಳಿಗೆ ಕೈ ಮುಗಿದ ಜನವೇ ನಿಮ್ಮ ತಾತನಿಗೆ ಚಿಪ್ಪು ಕೊಟ್ಟರು. ಇದು ಹೇಗೆ ಒಟ್ಟೊಟ್ಟಿಗೆ ಇರಲು ಸಾಧ್ಯ ಅಂತ ನಾನು ಇನ್ನೂ ಯೋಚಿಸುತ್ತೇನೆ. ನೀನೂ ಯೋಚಿಸು. ಡ್ರ್ಯಾಗನ್ ಸತ್ತ ಮಾರನೇ ಬೆಳಿಗ್ಗೆ ಆ ಹುಡುಗಿಯ ಅಮ್ಮ ಬಾವಿಗೆ ಹೋದರೆ ಏನಾಗುತ್ತದೆ? "ನಿನ್ನ ಮಗಳ ಥರ ನೀವೆಲ್ಲ ಇದ್ದಿದ್ದರೆ" ಅಂತ ಯಾರಾದರೂ ಪ್ರೀತಿಯಿಂದಲೇ ಅನ್ನುತ್ತಾರೆ. ನಿಜವಾದ ಕಥೆ ಅಲ್ಲಿಂದ ಶುರುವಾಗುತ್ತದೆ.

ಆಡಿಸುವ ಮೊದಲು ಎಲ್ಲರ ಜೊತೆ ಮಾತಾಡು. ನೀವು ಸೆಷನ್ ಝೀರೋ ಅಂತೀರಲ್ಲ, ಅದರಲ್ಲೇ ಹೇಳಿಬಿಡು, ಈ ಕಥೆಯಲ್ಲಿ ಇಂಥದ್ದು ಇರುತ್ತದೆ ಅಂತ. ಸ್ಕ್ರೀನಿನ ಆಚೆ ಯಾರು ಕೂತಿದ್ದಾರೆ, ಮನೆಯಲ್ಲಿ ಏನು ಅನುಭವಿಸಿದ್ದಾರೆ, ನಿನಗೆ ಗೊತ್ತಿಲ್ಲ. ಬೇಡ ಅಂದವರನ್ನು ಯಾಕೆ ಅಂತ ಕೇಳಬೇಡ, ಆ ಭಾಗ ಬಿಟ್ಟುಬಿಡು. ನಮ್ಮ ಊರಿನ ನಿಜವಾದ ಬೈಗುಳವನ್ನು ಯಾವ ಪಾತ್ರದ ಬಾಯಲ್ಲೂ ಹಾಕಬೇಡ. ಯಾರಾದರೂ ಆರ್ಕ್ ಪಾತ್ರದವರನ್ನು ದಿನಾ ಕುಟುಕುತ್ತಾ "ನಾನಲ್ಲ, ನನ್ನ ಪಾತ್ರ ಹಂಗೆ" ಅಂದರೆ ಆಟ ನಿಲ್ಲಿಸಿ ಅವರ ಜೊತೆ ಬೇರೆಯಾಗಿ ಮಾತಾಡು. ಗೇಮ್ ಮಾಸ್ಟರ್ ನೀನು, ಆ ಜವಾಬ್ದಾರಿ ನಿನ್ನದೇ. ಆ ಹುಡುಗನಿಗೂ ಹೇಳು, ಮಜಾ ಎಲ್ಲಿಗೂ ಹೋಗುವುದಿಲ್ಲ. ಕೇರಿಯಲ್ಲೂ ಮದುವೆ ಇರುತ್ತದೆ, ಜಾತ್ರೆ ಇರುತ್ತದೆ, ಮಕ್ಕಳು ನಕ್ಕು ನಕ್ಕು ಬೀಳುತ್ತಾರೆ. ನಿನ್ನ ಆರ್ಕ್‌ಗಳು ನೋವು ಪಡುವುದನ್ನು ಬಿಟ್ಟು ಬೇರೇನೂ ಮಾಡುತ್ತಿಲ್ಲ, ಅದು ನನಗೆ ಬೇಸರವಾಯಿತು. ಹಬ್ಬಕ್ಕೆ ಏನು ಅಡುಗೆ ಮಾಡುತ್ತಾರೆ? ಯಾವ ದೇವರು? ಆ ಹುಡುಗಿಯ ಅಪ್ಪ ಏನು ಕೆಲಸ ಮಾಡುತ್ತಾನೆ ಅಂತಲೂ ನೀನು ಎಲ್ಲೂ ಬರೆದಿಲ್ಲ. ಮುಂದಿನ ವಾರ ಅದನ್ನು ಬರೆದು ಕಳಿಸು.

ನಿನ್ನ,
ಅಮ್ಮ