ಸಿಮ್ ಪೋರ್ಟ್ ಮಾಡುವವರು (ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವವರು), ಹೊಸ ಫೋನ್ ಕೊಳ್ಳುವವರು ಗಮನಿಸಿ

ಮೂಡಿಗೆರೆ, ಕಳಸ, ಸಕಲೇಶಪುರ ಕಡೆಯ ಸದಸ್ಯರೇ, ಪ್ಲಾನ್ ದರಕ್ಕಿಂತ ಮೊದಲು ಸಿಗ್ನಲ್ ನೋಡಿ. ಕಂಪನಿಯ ಕವರೇಜ್ ನಕ್ಷೆಯಲ್ಲಿ ಬಣ್ಣ ಇದ್ದರೂ ಗುಡ್ಡದ ಮರೆಯ ಮನೆಗೆ ಸಿಗದಿರಬಹುದು. ಪರಿಚಯದವರ ಸಿಮ್ಮನ್ನು ನಿಮ್ಮ ಫೋನಿಗೇ ಹಾಕಿ, ಮನೆಯೊಳಗಿಂದಲೂ ತೋಟದಿಂದಲೂ ಕರೆ ಮಾಡಿ ಪರೀಕ್ಷಿಸಿ.

ಫೋನ್ ಕೊಳ್ಳುವಾಗ ಕ್ಯಾಮೆರಾಗಿಂತ ಬ್ಯಾಂಡ್ (ಫೋನ್ ಹಿಡಿಯಬಲ್ಲ ಸಿಗ್ನಲ್ ತರಂಗಾಂತರ) ಪಟ್ಟಿ ಮುಖ್ಯ. ಬಿಎಸ್‌ಎನ್‌ಎಲ್ 4ಜಿ ಬಳಸುವುದು 700 ಮೆಗಾಹರ್ಟ್ಸ್ (ಬ್ಯಾಂಡ್ 28) ಮತ್ತು 2100 ಮೆಗಾಹರ್ಟ್ಸ್ (ಬ್ಯಾಂಡ್ 1). 700 ದೂರ ಹೋಗುತ್ತದೆ, ಗೋಡೆ ದಾಟುತ್ತದೆ. ನಮ್ಮ ಕಡೆಗೆ ಅದೇ ಬೇಕು. ಹಳೆಯ ಅನೇಕ 4ಜಿ ಫೋನ್‌ಗಳಲ್ಲಿ ಬ್ಯಾಂಡ್ 28 ಇಲ್ಲ. ಟವರ್ ಪಕ್ಕದಲ್ಲೇ ಇದ್ದರೂ ನೆಟ್ ಬರದಿರುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಜಿಯೋಗೆ 2ಜಿ ಇಲ್ಲ, ವೋಲ್ಟಿ (4ಜಿ ಮೂಲಕ ಕರೆ ಮಾಡುವ ಸೌಲಭ್ಯ) ಇಲ್ಲದ ಫೋನಿನಲ್ಲಿ ನೇರ ಕರೆ ಆಗದು. ಮನೆಗೆ ಫೈಬರ್ ಬಂದಿದ್ದರೆ ವೈಫೈ ಕಾಲಿಂಗ್ (ವೈಫೈ ಮೂಲಕ ಕರೆ) ಇರುವ ಫೋನೇ ತೆಗೆದುಕೊಳ್ಳಿ.

ಪೋರ್ಟ್ ಮಾಡಲು: ಇಂಗ್ಲಿಷಿನಲ್ಲಿ ಪೋರ್ಟ್ (PORT) ಎಂದು ಬರೆದು, ಜಾಗ ಬಿಟ್ಟು, ನಿಮ್ಮ 10 ಅಂಕಿಯ ನಂಬರ್ ಸೇರಿಸಿ 1900ಕ್ಕೆ ಎಸ್‌ಎಂಎಸ್ ಕಳಿಸಿ. ಬರುವ ಕೋಡ್ 4 ದಿನ ಮಾತ್ರ ನಡೆಯುತ್ತದೆ. ಈಗಿನ ಕಂಪನಿಗೆ ಬಂದು 90 ದಿನ ಆಗಿರಬೇಕು. ಕಳೆದುಹೋದ ಸಿಮ್ ಬದಲಿಸಿದ್ದರೆ 7 ದಿನ ಕಾಯಬೇಕು. ಉಳಿದ ಬ್ಯಾಲೆನ್ಸ್ ಹೋಗುತ್ತದೆ, ಆದ್ದರಿಂದ ಪ್ಲಾನ್ ಮುಗಿಯುವ ಹೊತ್ತಿಗೆ ಮಾಡಿ. ಬದಲಾಗುವ ಹೊತ್ತಿನಲ್ಲಿ ಒಟಿಪಿ ಬರುವುದಿಲ್ಲ, ಕೂಲಿ ಬಟವಾಡೆ ಮಾಡುವ ದಿನ ಬೇಡ.

28 ದಿನದ ಪ್ಲಾನ್ ಎಂದರೆ ವರ್ಷಕ್ಕೆ 13 ರೀಚಾರ್ಜ್. ನೆಟ್ ಬಳಸದ ಹಿರಿಯರಿಗೆ ಕರೆ ಮತ್ತು ಎಸ್‌ಎಂಎಸ್ ಮಾತ್ರ ಇರುವ ಪ್ಲಾನ್ ಕೇಳಿ ಪಡೆಯಿರಿ.

ಸೆಕೆಂಡ್ ಹ್ಯಾಂಡ್ ಫೋನಾದರೆ ದುಡ್ಡು ಕೊಡುವ ಮೊದಲು *#06# ಒತ್ತಿ ಐಎಂಇಐ (ಫೋನಿನ ಗುರುತಿನ ಸಂಖ್ಯೆ) ನೋಡಿ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ಪರಿಶೀಲಿಸಿ. ಬ್ಲಾಕ್ ಆಗಿದೆ ಎಂದು ತೋರಿಸಿದರೆ ಎಷ್ಟು ಅಗ್ಗವಾದರೂ ಬಿಟ್ಟುಬಿಡಿ.