ಕೊಳ್ಳುವವರ ಕುರ್ಚಿಯಲ್ಲಿ ಕೂತವರಿಗೆ ವಂದನೆ

ನಮ್ಮ ವಾಣಿಜ್ಯ ಮತ್ತು ನಿರ್ವಹಣಾ ವಿಭಾಗದ ಮಾರಾಟ ಕೌಶಲ ಸ್ಪರ್ಧೆಗೆ ಈ ಸಲ ಐದು ವರ್ಷ ತುಂಬಿತು. ಗೆದ್ದವರ ಹೆಸರು ಆಗಲೇ ಎಲ್ಲ ಕಾಲೇಜುಗಳಿಗೂ ತಲುಪಿದೆ. ಆ ಪಟ್ಟಿಯಲ್ಲಿ ಕಾಣದವರಿಗಾಗಿ ಈ ಬರಹ.

ಮೊದಲ ವಂದನೆ ದಾವಣಗೆರೆಯ ಮಂಡಿಪೇಟೆ, ಚೌಕಿಪೇಟೆಗಳ ದಿನಸಿ ಅಂಗಡಿಯವರಿಗೆ. ವಾರಕ್ಕೆ ಒಂದೇ ರಜೆ. ಅದನ್ನೂ ನಮಗೆ ಕೊಟ್ಟು ಬೆಳಗಿನಿಂದ ನಮ್ಮ ಕೋಣೆಗಳಲ್ಲಿ ಕೊಳ್ಳುವವರ ಪಾತ್ರದಲ್ಲಿ ಕೂತರು. ಒಂದೇ ಬಿಲ್ಲಿಂಗ್ ಮೆಷಿನ್ನಿನ ಬಗ್ಗೆ ಎಂಟು ವಿದ್ಯಾರ್ಥಿಗಳು ಒಬ್ಬರಾದ ಮೇಲೊಬ್ಬರು ಬಂದು ಹೇಳಿದ್ದನ್ನು ಪ್ರತಿ ಸಲವೂ ಮೊದಲ ಸಲ ಕೇಳುವವರ ಹಾಗೆ ಕೇಳಿದರು. ಇಡೀ ಸ್ಪರ್ಧೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಏಕೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಇಂಥ ಸ್ಪರ್ಧೆ ನಡೆಸಬೇಕೆಂದಿರುವ ಬೇರೆ ಕಾಲೇಜಿನವರಿಗೂ ಉಪಯೋಗವಾದೀತು.

ಸ್ಪರ್ಧೆಯ ಚೌಕಟ್ಟನ್ನು ನಾವು ಅಮೆರಿಕದಿಂದ ತೆಗೆದುಕೊಂಡದ್ದು. ಜಾರ್ಜಿಯಾ ರಾಜ್ಯದ ಕೆನೆಸಾ ಸ್ಟೇಟ್ ವಿಶ್ವವಿದ್ಯಾಲಯ ನಡೆಸುವ ನ್ಯಾಷನಲ್ ಕಾಲೇಜಿಯೇಟ್ ಸೇಲ್ಸ್ ಕಾಂಪಿಟಿಷನ್ ಇದಕ್ಕೆ ಮಾದರಿ. ಅಲ್ಲಿ ಎಲ್ಲ ವಿದ್ಯಾರ್ಥಿಗಳೂ ಒಂದೇ ಸರಕನ್ನು ಮಾರಬೇಕು. ಎದುರಿಗೆ ಕೊಳ್ಳುವವರ ಪಾತ್ರದಲ್ಲಿ ಒಬ್ಬರು ಕೂತಿರುತ್ತಾರೆ, ಮಾತುಕತೆಗೆ 20 ನಿಮಿಷ. ನಾವು ಅದನ್ನು 15 ನಿಮಿಷಕ್ಕೆ ಇಳಿಸಿ, ಮಾತುಕತೆಯನ್ನು ಕನ್ನಡಕ್ಕೆ ತಂದು, ಕೊಳ್ಳುವವರ ಕುರ್ಚಿಗೆ ನಿಜವಾದ ಅಂಗಡಿಯವರನ್ನೇ ಕರೆದೆವು. ಅಧ್ಯಾಪಕರು ಆ ಕುರ್ಚಿಯಲ್ಲಿ ಕೂತರೆ ವಿದ್ಯಾರ್ಥಿ ಪರೀಕ್ಷೆ ಬರೆಯುವವನ ಹಾಗೆ ಮಾತಾಡುತ್ತಾನೆ. ಅಂಗಡಿಯವರು ಕೂತರೆ ವ್ಯಾಪಾರದ ಮಾತು ತಾನಾಗಿ ಬರುತ್ತದೆ.

ಈ ವರ್ಷದ ಸರಕು ದಿನಸಿ ಅಂಗಡಿಗೆ ಬೇಕಾದ ಬಿಲ್ಲಿಂಗ್ ಮೆಷಿನ್. ಟಚ್ ಸ್ಕ್ರೀನ್, ಬಾರ್‌ಕೋಡ್ ಸ್ಕ್ಯಾನರ್, ಎರಡು ಇಂಚಿನ ಥರ್ಮಲ್ ಪ್ರಿಂಟರ್, ಕರೆಂಟ್ ಹೋದರೆ ನಾಲ್ಕು ಗಂಟೆ ನಿಲ್ಲುವ ಬ್ಯಾಟರಿ, ಉದ್ರಿ ಲೆಕ್ಕ ಬರೆದಿಡುವ ಸೌಲಭ್ಯ. ಬೆಲೆ 18,500 ರೂಪಾಯಿ, ಶೇ. 18ರ ಜಿಎಸ್‌ಟಿ 3,330, ಒಟ್ಟು 21,830. ಎರಡನೆಯ ವರ್ಷದಿಂದ ನವೀಕರಣಕ್ಕೆ ತೆರಿಗೆ ಸೇರಿ 4,248. ಕಂಪನಿ ಕಾಲ್ಪನಿಕ, ಅಂಕಿಗಳೂ ನಾವೇ ಇಟ್ಟವು. ಈ ಮಾಹಿತಿ ಎರಡು ವಾರ ಮುಂಚೆಯೇ ಎಲ್ಲ ವಿದ್ಯಾರ್ಥಿಗಳ ಕೈಯಲ್ಲಿತ್ತು. ಕೊಳ್ಳುವವರು ಏನೇನು ಹೇಳಬೇಕೆಂದು ಬರೆದ ‘ಕೊಳ್ಳುವವರ ಹಾಳೆ’ ಮಾತ್ರ ಅಂಗಡಿಯವರ ಬಳಿ.

ಆ ಹಾಳೆಯಲ್ಲಿ ಮೂರು ಮನೆಗಳು, ಅಂದರೆ ಮೂರು ಭಾಗಗಳು. ಮೊದಲ ಮನೆಯಲ್ಲಿರುವುದನ್ನು ಕೇಳದೆಯೇ ಹೇಳಬಹುದು: ಅಂಗಡಿಯ ವಹಿವಾಟು ವರ್ಷಕ್ಕೆ 60 ಲಕ್ಷ, ಕೈಬರಹದ ಲೆಕ್ಕ ಚೆನ್ನಾಗಿಯೇ ನಡೆಯುತ್ತಿದೆ, ಮೆಷಿನ್ ಯಾಕೆ ಬೇಕು? ಎರಡನೆಯ ಮನೆಯಲ್ಲಿರುವುದು ಸರಿಯಾಗಿ ಕೇಳಿದರಷ್ಟೇ ಸಿಗಬೇಕು: ಅವಧಿ ಮುಗಿದ ಬಿಸ್ಕತ್ತು, ಹಿಟ್ಟು, ಮಸಾಲೆ ಪೊಟ್ಟಣಗಳಿಂದ ತಿಂಗಳಿಗೆ 900 ರೂಪಾಯಿ ನಷ್ಟ, ಬರೆಯಲು ಮರೆತ ಉದ್ರಿಯಿಂದ 1,500. ಮೂರನೆಯ ಮನೆಯದು ಒಂದು ಉತ್ತರ ಸಿಕ್ಕ ಮೇಲೂ ಬಿಡದೆ ಇನ್ನೊಂದು ಪ್ರಶ್ನೆ ಕೇಳಿದವರಿಗೆ ಮಾತ್ರ. ಉದ್ರಿ ಪುಸ್ತಕ ಹೆಂಡತಿಯ ಕೈಯಲ್ಲಿದೆ, ಅವರು ಒಪ್ಪದೆ ಏನನ್ನೂ ಕೊಳ್ಳುವುದಿಲ್ಲ. ಹಿಂದೊಮ್ಮೆ ಬೇರೆ ಕಡೆಯಿಂದ ತಂದ ಮೆಷಿನ್ ಕೆಟ್ಟು ಕೂತಾಗ ರಿಪೇರಿಗೆ ಯಾರೂ ಬರಲಿಲ್ಲ. ಅಂಗಡಿ ಜಿಎಸ್‌ಟಿಯ ಕಾಂಪೊಸಿಷನ್ ಪದ್ಧತಿಯಲ್ಲಿದೆ, ಅಂದರೆ ಸಣ್ಣ ವ್ಯಾಪಾರಿಗಳಿಗಿರುವ ಸರಳ ತೆರಿಗೆ ಪದ್ಧತಿಯಲ್ಲಿ.

‘ಉದ್ರಿ ಕೊಡ್ತೀರಾ?’ ಎಂದರೆ ‘ಕೊಡ್ತೀವಿ’ ಎಂಬುದಷ್ಟೇ ಉತ್ತರ. ‘ಸಂಜೆ ಗಿರಾಕಿ ಮುತ್ತಿಕೊಂಡಾಗ ಉದ್ರಿ ಬರೆಯೋದು ತಪ್ಪಿದ್ರೆ ಹ್ಯಾಗೆ?’ ಎಂದರೆ 1,500ರ ಮಾತು ಹೊರಬರಬೇಕು. ‘ಆ ಪುಸ್ತಕ ಯಾರು ನೋಡ್ಕೊಳ್ತಾರೆ?’ ಎಂದು ಮುಂದುವರಿದರೆ ಹೆಂಡತಿಯ ವಿಷಯ. ಈ ಗೆರೆಗಳನ್ನು ಕೊನೆಯ ಸ್ಪರ್ಧಿಯವರೆಗೂ ಕಾಯುವುದು ಬಹಳ ಕಷ್ಟ. ಎದುರಿಗೆ ಕೂತ ಹುಡುಗಿಯ ಕೈ ನಡುಗುತ್ತಿದ್ದರೆ, ಮಾತು ತಡವರಿಸುತ್ತಿದ್ದರೆ, ದೊಡ್ಡವರಿಗೆ ಕರುಳು ಚುರ್ ಅನ್ನುತ್ತದೆ. ಕೇಳದ ಪ್ರಶ್ನೆಗೂ ಉತ್ತರ ಕೊಟ್ಟುಬಿಡುತ್ತಾರೆ. ಅವಳಿಗೆ ಅದು ಉಪಕಾರ, ಮುಂಚೆ ಬಂದುಹೋದವರಿಗೆ ಅನ್ಯಾಯ. ದಣಿವಾದಾಗ ಇನ್ನೊಂದು ತೊಂದರೆ ಶುರುವಾಗುತ್ತದೆ: ಐದನೆಯ, ಆರನೆಯ ಸ್ಪರ್ಧಿಯ ಹೊತ್ತಿಗೆ ಹಾಳೆಯಲ್ಲಿರುವುದೆಲ್ಲ ಆಗಲೇ ಹೇಳಿದಂತೆ ಅನಿಸಿ ಮಾತು ಮೊಟಕಾಗುತ್ತದೆ. ಆದ್ದರಿಂದ ನಾಲ್ಕು ಜನರಾದ ಮೇಲೆ ಕಡ್ಡಾಯವಾಗಿ ಚಹಾ ವಿರಾಮ, ಹಾಳೆಯನ್ನು ಮತ್ತೆ ಮೊದಲಿಂದ ಓದುವುದು. ಚೌಕಾಸಿಗೂ ಮಿತಿ ಇತ್ತು: ಬೆಲೆ ಇಳಿಸಲು ಎರಡು ಸಲ ಕೇಳಬಹುದು, ವಿದ್ಯಾರ್ಥಿ ಬೆಲೆಗೆ ಕಾರಣ ಸರಿಯಾಗಿ ಕೊಟ್ಟರೆ ಮೂರನೆಯ ಸಲ ಕೇಳಬಾರದು. ಜೀವನವಿಡೀ ಚೌಕಾಸಿ ಮಾಡಿದವರು ಎರಡಕ್ಕೇ ನಿಲ್ಲಿಸಿದ್ದಕ್ಕೆ ವಿಶೇಷ ಧನ್ಯವಾದ. ಗಲ್ಲಾದ ಮೇಲೆ ತಾವೇ ಕೂತು ಅಂಗಡಿ ನಡೆಸುವ ತಾಯಂದಿರು ಕೊಳ್ಳುವವರಾಗಿ ಬಂದದ್ದರಿಂದ ಎಷ್ಟೋ ವಿದ್ಯಾರ್ಥಿಗಳಿಗೆ ಒಂದು ವಿಷಯ ಮುಖಕ್ಕೆ ಮುಖ ಗೊತ್ತಾಯಿತು: ‘ಯಜಮಾನ್ರು ಇದ್ದಾರಾ?’ ಎಂದು ಮಾತು ಶುರು ಮಾಡಿದವರಿಗೆ ಮುಂದಿನ ಹಾದಿ ಅಲ್ಲೇ ಮುಚ್ಚಿಹೋಗಿತ್ತು.

ಎರಡನೆಯ ವಂದನೆ ನಮ್ಮ ಹಾಳೆಗಳನ್ನು ತಿದ್ದಿಕೊಟ್ಟ ತೆರಿಗೆ ಸಲಹೆಗಾರರಿಗೆ. ‘ಕಾಂಪೊಸಿಷನ್’ ಎಂಬ ಒಂದು ಸಾಲು ಹಾಳೆಗೆ ಬಂದದ್ದು ಅವರಿಂದ, ಸ್ಪರ್ಧೆಯ ಮಟ್ಟ ಏರಿದ್ದೂ ಅದರಿಂದಲೇ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟಿರುವ ವ್ಯಾಪಾರಿ ಈ ಪದ್ಧತಿಗೆ ಸೇರಿದರೆ ತೆರಿಗೆಗೆ ಒಳಪಡುವ ಮಾರಾಟದ ಮೇಲೆ ಶೇ. 1 ಕಟ್ಟಿದರೆ ಸಾಕು. ಆದರೆ ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ, ತಾನು ಕೊಂಡದ್ದರ ಮೇಲಿನ ತೆರಿಗೆಯನ್ನು ಹಿಂದಕ್ಕೆ ಪಡೆಯುವಂತೆಯೂ ಇಲ್ಲ. ‘ಈ 3,330 ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತೆ ಸಾರ್’ ಎಂದು ಧೈರ್ಯವಾಗಿ ಹೇಳಿದವರ ಅಂಕ ಅಲ್ಲೇ ಹೋಯಿತು. ಮೆಷಿನ್ ಇಂಥ ಅಂಗಡಿಯಲ್ಲಿ ಮುದ್ರಿಸಬೇಕಾದದ್ದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ, ಅಂದರೆ ತೆರಿಗೆ ಹಾಕದ ಬಿಲ್. ಇದನ್ನು ತಾವಾಗಿ ಹೇಳಿದ ವಿದ್ಯಾರ್ಥಿಗಳ ಕಡೆ ಅಂಗಡಿಯವರು ನೋಡುವ ರೀತಿಯೇ ಬದಲಾಯಿತು.

ಇನ್ನೊಂದು ಆಕ್ಷೇಪ ಹಾಳೆಯಲ್ಲಿ ಬರೆಯದಿದ್ದರೂ ಬಂದೇ ಬರುತ್ತಿತ್ತು. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ ಮೇಲೆ, ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡನ್ನೇ ತೆಗೆದಿಟ್ಟಿದ್ದವು. ‘ಮೆಷಿನ್ ಹಾಕಿದ್ರೆ ಲೆಕ್ಕ ಎಲ್ಲಾ ಬಯಲಿಗೆ ಬೀಳುತ್ತೆ’ ಎಂಬ ಭಯ ನಿಜವಾದ ಭಯ. ಇದಕ್ಕೆ ‘ಕಮ್ಮಿ ತೋರಿಸೋಕೂ ದಾರಿ ಇದೆ’ ಎಂದವರಿಗೆ ಆ ಸುತ್ತಿನಲ್ಲಿ ಸೊನ್ನೆ, ಇದು ನಿಯಮ, ಇದರಲ್ಲಿ ರಾಜಿ ಇಲ್ಲ. ‘ಏನೂ ಆಗಲ್ಲ ಬಿಡಿ’ ಎಂಬುದೂ ಉತ್ತರವಲ್ಲ. ಒಳ್ಳೆಯ ಉತ್ತರ ಕೊಟ್ಟವರು ಸರಕನ್ನೇ ಹಿಡಿದು ಮಾತಾಡಿದರು: ಬಿಡಿ ಅಕ್ಕಿಗೆ, ಹಾಲಿಗೆ, ತರಕಾರಿಗೆ ತೆರಿಗೆ ಇಲ್ಲ, ಅದೇ ಅಕ್ಕಿ 25 ಕೆಜಿಯೊಳಗಿನ ಮುದ್ರಿತ ಚೀಲದಲ್ಲಿದ್ದರೆ ಶೇ. 5. ಬ್ಯಾಂಕ್ ಖಾತೆಯಲ್ಲಿ ಇವೆಲ್ಲ ಒಂದೇ ಮೊತ್ತವಾಗಿ ಕಾಣುತ್ತವೆ. ಬೇರೆ ಬೇರೆ ಮಾಡಿ ತೋರಿಸಲು ಅಂಗಡಿಯವರ ಬಳಿ ದಾಖಲೆ ಇದ್ದರೆ ನೋಟಿಸಿಗೆ ಉತ್ತರ ಬರೆಯುವುದು ಸುಲಭ.

ಲೆಕ್ಕದ ವಿಷಯದಲ್ಲಿ ಈ ವರ್ಷದ ಮಕ್ಕಳು ನಮ್ಮ ಮನಸ್ಸು ತುಂಬಿದರು. ತಿಂಗಳಿಗೆ 900 ಮತ್ತು 1,500 ಸೇರಿ 2,400. 21,830ನ್ನು ಅದರಿಂದ ಭಾಗಿಸಿ ‘ಒಂಬತ್ತೇ ತಿಂಗಳಲ್ಲಿ ದುಡ್ಡು ವಾಪಸ್’ ಎಂದು ಹೇಳುವುದು ಸುಲಭ. ಅಂಗಡಿಯವರು ಅದನ್ನು ನಂಬುವುದಿಲ್ಲ, ಯಾಕೆಂದರೆ ಯಾವ ಮೆಷಿನ್ ಬಂದರೂ ಅವಧಿ ಮುಗಿದ ಸರಕು ಪೂರ್ತಿ ನಿಲ್ಲುವುದಿಲ್ಲ ಎಂಬುದು ಅವರಿಗೆ ಗೊತ್ತು. ಅಂತಿಮ ಸುತ್ತಿಗೆ ಬಂದವರು ನಷ್ಟದಲ್ಲಿ ಅರ್ಧ ತಪ್ಪುತ್ತದೆ ಎಂದಷ್ಟೇ ಹಿಡಿದು, ತಿಂಗಳಿಗೆ 1,200 ಎಂದು ಲೆಕ್ಕ ಹಾಕಿ, ಎರಡನೆಯ ವರ್ಷದ ನವೀಕರಣದ 4,248ನ್ನೂ ಸೇರಿಸಿ, ‘ಸುಮಾರು 22 ತಿಂಗಳು’ ಎಂದರು. ಅವಧಿ ಉದ್ದವಾಯಿತು, ಮಾತಿನ ತೂಕವೂ ಏರಿತು. ಕಾಗದದ ಮೇಲೆ ಕೈಯಲ್ಲೇ ಬರೆದು ತೋರಿಸಿದವರಿಗೆ ಲ್ಯಾಪ್‌ಟಾಪಿನ ಸ್ಲೈಡ್ ತೋರಿಸಿದವರಿಗಿಂತ ಹೆಚ್ಚು ಪ್ರಶ್ನೆಗಳು ಬಂದವು. ಪ್ರಶ್ನೆ ಬಂದರೆ ಕೊಳ್ಳುವವರು ಯೋಚಿಸುತ್ತಿದ್ದಾರೆ ಎಂದರ್ಥ.

ತೀರ್ಪುಗಾರರಾಗಿ ಬಂದ ವಿತರಣಾ ಸಂಸ್ಥೆಗಳ ಏರಿಯಾ ಸೇಲ್ಸ್ ಮ್ಯಾನೇಜರ್‌ಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ಮೂರನೆಯ ವಂದನೆ. ಮಾತು ಆರಂಭಿಸುವುದಕ್ಕೆ 5, ಅಗತ್ಯ ತಿಳಿಯುವುದಕ್ಕೆ 25, ಸರಕನ್ನು ಆ ಅಗತ್ಯಕ್ಕೆ ಹೊಂದಿಸಿ ತೋರಿಸುವುದಕ್ಕೆ 25, ಆಕ್ಷೇಪಗಳಿಗೆ ಉತ್ತರಿಸುವುದಕ್ಕೆ 20, ಮುಕ್ತಾಯಕ್ಕೆ 10, ಮಾತಿನ ರೀತಿಗೆ 15, ಹೀಗೆ ನೂರು. ಗಟ್ಟಿ ದನಿಯ, ನಗುಮುಖದ ಸ್ಪರ್ಧಿ ಬಂದರೆ ಎಲ್ಲ ಅಂಕಣಗಳಲ್ಲೂ ಅಂಕ ತಾನಾಗಿ ಏರುವುದು ಇಂಥ ಕಡೆ ಸಾಮಾನ್ಯ. ಅದನ್ನು ತಡೆಯಲು ತೀರ್ಪಿನ ಹಾಳೆಯಲ್ಲಿ ಕೊಳ್ಳುವವರ ಹಾಳೆಯ ಗುಟ್ಟುಗಳನ್ನೆಲ್ಲ ಸಾಲಾಗಿ ಬರೆದಿತ್ತು. ಯಾವುದು ಹೊರಬಂತೋ ಅದಕ್ಕೆ ಗುರುತು ಹಾಕಿದ ಮೇಲೆಯೇ ಅಗತ್ಯ ತಿಳಿಯುವುದರ 25ಕ್ಕೆ ಅಂಕ. ಕೋಣೆಯ ಮೂವರು ತೀರ್ಪುಗಾರರೂ ಅಂಕ ಬರೆದು ಸಹಿ ಹಾಕುವವರೆಗೆ ತಮ್ಮತಮ್ಮೊಳಗೆ ಮಾತಾಡುವಂತಿಲ್ಲ. ಇಷ್ಟಾದರೂ ಒಂದು ಕೋಣೆಯವರು ಧಾರಾಳಿಗಳು, ಇನ್ನೊಂದು ಕೋಣೆಯವರು ಬಿಗಿ. ಆದ್ದರಿಂದ ಮೊದಲ ಸುತ್ತಿನಲ್ಲಿ 32 ಜನರ ಅಂಕಗಳನ್ನು ಒಟ್ಟಿಗೆ ಹೋಲಿಸಲಿಲ್ಲ. ನಾಲ್ಕು ಕೋಣೆ, ಕೋಣೆಗೆ ಎಂಟು ಜನ, ಪ್ರತಿ ಕೋಣೆಯ ಮೊದಲ ಇಬ್ಬರು ಮುಂದಕ್ಕೆ.

ಮುಕ್ತಾಯದ ಹತ್ತು ಅಂಕಗಳ ಬಗ್ಗೆ ಕೆಲವು ಕಾಲೇಜುಗಳು ವಿವರ ಕೇಳಿವೆ. ‘ಆರ್ಡರ್ ಬರ್ಕೊಳ್ಳಲಾ?’ ಎಂದು ಒತ್ತಾಯಿಸಿದವರಿಗೆ ಪೂರ್ತಿ ಅಂಕ ಸಿಗಲಿಲ್ಲ, ಏಕೆಂದರೆ ಈ ಪ್ರಸಂಗದಲ್ಲಿ ತೀರ್ಮಾನ ಹೆಂಡತಿಯದು. ಕೇಳಲು ಸಂಕೋಚಪಟ್ಟು ‘ಯೋಚನೆ ಮಾಡಿ ಹೇಳಿ’ ಎಂದು ಎದ್ದವರಿಗೂ ಸಿಗಲಿಲ್ಲ. ಇಬ್ಬರೂ ಅಂಗಡಿಯಲ್ಲಿರುವ ದಿನ, ಗಿರಾಕಿ ಕಡಿಮೆ ಇರುವ ಹೊತ್ತು ಕೇಳಿಕೊಂಡು, ಮೆಷಿನ್ ತಂದು ಅವರದೇ ಉದ್ರಿ ಪುಸ್ತಕದ ಒಂದು ಪುಟ ತುಂಬಿಸಿ ತೋರಿಸುತ್ತೇವೆ ಎಂದು ದಿನ ಗೊತ್ತುಮಾಡಿ, ರಿಪೇರಿಗೆ ಎಷ್ಟು ಗಂಟೆಯೊಳಗೆ ಬರುತ್ತೇವೆಂಬುದನ್ನು ಬರಹದಲ್ಲಿ ಕೊಡುವುದಾಗಿ ಹೇಳಿದವರಿಗೆ ಹತ್ತಕ್ಕೆ ಹತ್ತು.

ಇನ್ನು ಕೋಣೆಗಳನ್ನು ನಡೆಸಿದ ಎನ್ನೆಸ್ಸೆಸ್ ಸ್ವಯಂಸೇವಕರು ಮತ್ತು ವಿಭಾಗದ ಸಿಬ್ಬಂದಿ. ಒಬ್ಬ ಸ್ಪರ್ಧಿಗೆ 25 ನಿಮಿಷ ಇಟ್ಟಿದ್ದೆವು: 15 ಮಾತಿಗೆ, 5 ಅಂಕ ಬರೆಯಲು, 5 ಮೇಜು ಸರಿಪಡಿಸಿ ಮುಂದಿನವರನ್ನು ಕರೆತರಲು. ಎಂಟು ಜನಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷ, ಮೇಲೆ ಚಹಾ. ಆ ಕೊನೆಯ ಐದು ನಿಮಿಷ ಇಡದಿದ್ದರೆ ಇಡೀ ದಿನದ ವೇಳಾಪಟ್ಟಿ ಮಧ್ಯಾಹ್ನದೊಳಗೆ ಕುಸಿಯುತ್ತದೆ. ಸೀಲಿಂಗ್ ಫ್ಯಾನ್ ತಿರುಗುತ್ತಿದ್ದರೆ ರೆಕಾರ್ಡಿಂಗಿನಲ್ಲಿ ಮಾತು ಮುಳುಗುತ್ತದೆ ಎಂದು ಇಬ್ಬರಿಗೂ ಕಾಲರ್ ಮೈಕ್ ಹಾಕಿ, ಪ್ರತಿ ಸಲ ಒಂದು ವಾಕ್ಯ ರೆಕಾರ್ಡ್ ಮಾಡಿ ಕೇಳಿದ ಮೇಲೆಯೇ ಗಂಟೆ ಬಾರಿಸಿದರು. ಮುಗಿಸಿದವರನ್ನೂ ಕಾಯುವವರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ, ಮೊಬೈಲ್‌ಗಳನ್ನು ಹೆಸರು ಬರೆದ ಲಕೋಟೆಯಲ್ಲಿ ಇಟ್ಟುಕೊಂಡರು. ‘ಹೆಂಡ್ತಿ ಬಗ್ಗೆ ಕೇಳು’ ಎಂಬ ಒಂದು ಮೆಸೇಜ್ ಹೊರಗೆ ಹೋದರೆ ಉಳಿದವರ ಸ್ಪರ್ಧೆ ಅಲ್ಲಿಗೆ ಮುಗಿದಂತೆ. ಕಾಯುವ ಕೋಣೆಗೆ ಹೊತ್ತುಹೊತ್ತಿಗೆ ಉಪ್ಪಿಟ್ಟು, ಮಜ್ಜಿಗೆ ತಲುಪಿಸಿದ ಕ್ಯಾಂಟೀನಿನವರನ್ನೂ ನೆನೆಯುತ್ತೇವೆ.

ಮೊದಲ ಸುತ್ತಿನಲ್ಲೇ ನಿಂತ 24 ವಿದ್ಯಾರ್ಥಿಗಳೇ, ನಿಮ್ಮ ಧೈರ್ಯಕ್ಕೂ ವಂದನೆ. ಗುರುತಿಲ್ಲದವರ ಎದುರು ಹದಿನೈದು ನಿಮಿಷ ಬೆಲೆಯ ಮಾತಾಡುವುದು ಸಣ್ಣ ಕೆಲಸವಲ್ಲ. ನಿಮ್ಮ ರೆಕಾರ್ಡಿಂಗ್ ಮತ್ತು ತೀರ್ಪುಗಾರರ ಗುರುತು ಹಾಕಿದ ಹಾಳೆ ನಿಮ್ಮ ಕಾಲೇಜಿಗೆ ಬರುತ್ತದೆ. ನೋಡುವಾಗ ಮೊದಲ ನಾಲ್ಕು ನಿಮಿಷದಲ್ಲಿ ನೀವು ಎಷ್ಟು ಮಾತಾಡಿದಿರಿ, ಅಂಗಡಿಯವರು ಎಷ್ಟು ಮಾತಾಡಿದರು ಎಂದು ಗಡಿಯಾರ ಹಿಡಿದು ನೋಡಿ. ಹಿಂದೆ ಬಿದ್ದವರಲ್ಲಿ ಹೆಚ್ಚಿನವರು ಎರಡನೆಯ ನಿಮಿಷಕ್ಕೇ ಬಾರ್‌ಕೋಡ್ ಸ್ಕ್ಯಾನರ್ ವರ್ಣಿಸಲು ಶುರು ಮಾಡಿದ್ದರು. ಕೆಲವರು ಯಾರೂ ಕೇಳುವ ಮುಂಚೆಯೇ ರಿಯಾಯಿತಿ ಕೊಟ್ಟಿದ್ದರು. ಎರಡೂ ತಿದ್ದಿಕೊಳ್ಳಬಹುದಾದ ಅಭ್ಯಾಸಗಳು.

ಸರಕಿನ ಮಾಹಿತಿ, ಕೊಳ್ಳುವವರ ಹಾಳೆ, ತೀರ್ಪಿನ ಹಾಳೆ, ಈ ಮೂರರ ಪ್ರತಿಯೂ ವಿಭಾಗದ ಕಚೇರಿಯಲ್ಲಿದೆ. ಯಾವ ಕಾಲೇಜಿನವರು ಬೇಕಾದರೂ ಬಂದು ಒಯ್ಯಬಹುದು. ಸರಕು, ಬೆಲೆ ನಿಮ್ಮ ಊರಿಗೆ ಹೊಂದುವಂತೆ ಬದಲಿಸಿಕೊಳ್ಳಿ. ಕೊಳ್ಳುವವರ ಹಾಳೆಯ ಗುಟ್ಟುಗಳನ್ನಂತೂ ಬದಲಿಸಲೇಬೇಕು, ಈ ವರ್ಷದವು ಈಗ ಎಲ್ಲ ಮಕ್ಕಳಿಗೂ ಗೊತ್ತು. ಹೊಸದನ್ನು ಬರೆದ ಮೇಲೆ ಪೇಟೆಯ ಒಬ್ಬ ಅಂಗಡಿಯವರಿಂದ, ಒಬ್ಬ ತೆರಿಗೆ ಸಲಹೆಗಾರರಿಂದ ಓದಿಸಿ.