ನಮೂನೆಯಲ್ಲಿ ಇಲ್ಲದ ಕಾಲುಸಂಕ

ಪ್ರೀತಿಯ ಮಗಳೇ,

ಕಂಪನಿಯ ಸಿಎಸ್‌ಆರ್, ಅಂದರೆ ಸಾಮಾಜಿಕ ಹೊಣೆಗಾರಿಕೆಯ, ವಿಭಾಗದಲ್ಲಿ ಕೆಲಸ ಸಿಕ್ಕಿತೆಂದು ನೀನು ಫೋನ್ ಮಾಡಿದಾಗ ಕೊಡಗಿನ ನಮ್ಮ ಮಾದಾಪುರದಲ್ಲಿ ಬಿಡದೆ ಮಳೆ. ಅರ್ಧ ಮಾತು ಕೇಳಿಸಲಿಲ್ಲ. "ನಮ್ಮೂರಿಗೆ ಏನು ಮಾಡಿಸಲಿ ಅಮ್ಮಾ?" ಎಂದದ್ದು ಮಾತ್ರ ಕಿವಿಯಲ್ಲೇ ಉಳಿದಿದೆ.

2018ರ ಆಗಸ್ಟ್ ನಿನಗೆ ನೆನಪಿರಬೇಕು. ಗುಡ್ಡ ಜರಿದ ರಾತ್ರಿ ಯಾರ ಮನೆ, ಯಾವ ಜಾತಿ ಎಂದು ಕೇಳದೆ ಜನ ಬಾಗಿಲು ತೆರೆದರು. ಮಳೆ ನಿಂತ ಮೇಲೆ ಒಂದು ಕಂಪನಿಯವರು ಬಂದು ಮಕ್ಕಳಿಗೆ ತಮ್ಮ ಹೆಸರು ಅಚ್ಚಾದ ಬ್ಯಾಗ್ ಕೊಟ್ಟರು. ಕೊಚ್ಚಿಹೋಗಿದ್ದುದು ತೋಡು ದಾಟುವ ಕಾಲುಸಂಕ, ನಮ್ಮ ಪುಟ್ಟ ಸೇತುವೆ. ಬಂದವರು ಒಳ್ಳೆಯವರೇ. ಅವರ ನಮೂನೆಯಲ್ಲಿ ಬ್ಯಾಗಿಗೆ ಜಾಗವಿತ್ತು, ಸಂಕಕ್ಕೆ ಇರಲಿಲ್ಲ.

ನಮ್ಮ 2013ರ ಕಂಪನಿ ಕಾಯ್ದೆ ದೊಡ್ಡ ಕಂಪನಿಗಳಿಗೆ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಲು ಹೇಳುತ್ತದೆ. ತನ್ನ ನೌಕರರಿಗಷ್ಟೇ ಮಾಡಿದ ಖರ್ಚು ಆ ಲೆಕ್ಕಕ್ಕೆ ಬಾರದು. ಅದು ಸರಿಯೇ. ತೋಟದ ಕಾರ್ಮಿಕರು ಇರುವ ಲೈನ್‌ಮನೆಯ ಸೋರುವ ಸೂರನ್ನು ಸರಿಮಾಡಿ ಅದನ್ನು ಸಮಾಜಸೇವೆ ಎಂದು ಬರೆದುಕೊಳ್ಳುವುದು ನಾಚಿಕೆಗೇಡು; ಕಾರ್ಮಿಕರಿಗೆ ಮನೆ ಕೊಡಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಆದರೆ ಆ ಲೆಕ್ಕದ ನಿಯಮದಿಂದ ಇನ್ನೊಂದು ಅಭ್ಯಾಸವೂ ಬೆಳೆಯಿತು: ಹೊಣೆ ಎಂದರೆ ಗೇಟಿನ ಹೊರಗೆ ಕೊಡುವಂಥದ್ದು ಎಂಬ ಭಾವನೆ. ಜರ್ಮನಿಯ 1976ರ ಕಾನೂನು ಗೇಟಿನ ಒಳಗೆ ನೋಡಿತು. ಅಲ್ಲಿ 2,000ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧದಷ್ಟು ಸ್ಥಾನ ನೌಕರರ ಪ್ರತಿನಿಧಿಗಳದು. ನಮ್ಮ ತೋಟಗಳಲ್ಲಿ ದುಡಿಯುವ ಎರವ ಬುಡಕಟ್ಟಿನ ಹೆಂಗಸೊಬ್ಬಳು ತೋಟದ ಆಡಳಿತದ ಸಭೆಯಲ್ಲಿ ಕುಳಿತು ಮಾತನಾಡುವುದನ್ನು ನಾನು ಎಷ್ಟೋ ಸಲ ಊಹಿಸಿಕೊಂಡಿದ್ದೇನೆ.

ಜಪಾನಿನ ಓಮಿ ವರ್ತಕರ ದಾರಿ ಮತ್ತೊಂದು. ಅವರು ಊರೂರು ತಿರುಗಿ ಮಾರುತ್ತಿದ್ದ ಹೊರಗಿನವರು. ಹೋದ ಊರು ನಂಬದಿದ್ದರೆ ವ್ಯಾಪಾರವೇ ಇಲ್ಲ. ಮಾರುವವನಿಗೆ, ಕೊಳ್ಳುವವನಿಗೆ, ಊರಿಗೆ, ಮೂವರಿಗೂ ಒಳಿತಾಗಬೇಕೆಂಬ ಅವರ ರೀತಿಯನ್ನು 'ಸಾಂಪೊ ಯೋಶಿ' ಎನ್ನುತ್ತಾರೆ. ನಿನ್ನ ಕಂಪನಿಯೂ ಇಲ್ಲಿಗೆ ಹೊರಗಿನಿಂದಲೇ ಬರುವುದಲ್ಲವೇ? ನಮ್ಮ ದೇವರಕಾಡಿಗೆ ಕೊಡಲಿ ಒಯ್ಯಬಾರದೆಂದು ಹಿರಿಯರು ಕಲಿಸಿದ್ದಾರೆ. ಅದು ಕೊಡುವ ಹೊಣೆಯಲ್ಲ, ಮುಟ್ಟದೆ ಬಿಡುವ ಹೊಣೆ. ಅದಕ್ಕೆ ನಿಮ್ಮ ವರದಿಯಲ್ಲಿ ಯಾವ ಕಾಲಂ ಇದೆಯೋ ನೋಡು.

ಹುತ್ತರಿ ಹಬ್ಬಕ್ಕೆ ಬರುವಾಗ ನಿನ್ನ ನಮೂನೆಯನ್ನು ಖಾಲಿಯಾಗಿಯೇ ತಾ. ತೋಡಿನಾಚೆ ಲೈನ್‌ಮನೆಯ ಅಜ್ಜಿಯಿಂದ ಶುರುಮಾಡೋಣ. ಅವರು ಈಗಲೂ ಅಡಕೆ ಮರದ ಎರಡು ದಿಮ್ಮಿಯ ಮೇಲೆಯೇ ದಾಟುತ್ತಾರೆ.

ನಿನ್ನ ಅಮ್ಮ